ಮಳೆಗೂ ಮುಂಚೆ ಮನೆ ಮುಂದಿನ ಟಾರ್ಪಾಲ್ ಕಡೆ ಒಮ್ಮೆ ನೋಡಿ

ಶಿವಮೊಗ್ಗ: ಬಿಸಿಲಿಗೆಂದು ಮನೆ ಮುಂದೆ ಕಟ್ಟಿದ ಕ್ಯಾನ್ವಾಸ್ ಟಾರ್ಪಾಲ್ ಮಳೆಗಾಲದಲ್ಲಿ ಹರಿಯೋಕೆ ಗಾಳಿಯೊಂದೇ ಕಾರಣ ಅಲ್ಲ, ಮೇಲೆ ನಿಲ್ಲುವ ನೀರೂ ಕಾರಣ. 2 ಅಡಿ ಉದ್ದ, 2 ಅಡಿ ಅಗಲದ ಜಾಗದಲ್ಲಿ 1 ಇಂಚು ನೀರು ನಿಂತ್ರೆ 9 ಕೆ.ಜಿ.ಗೂ ಹೆಚ್ಚು ಭಾರ. ಬಟ್ಟೆ ಜೋತು ಬಿದ್ದಷ್ಟೂ ನೀರು ಹೆಚ್ಚುತ್ತೆ, ಕೊನೆಗೆ ಹಗ್ಗ ಕಟ್ಟುವ ರಿಂಗೇ ಕಿತ್ತು ಬರುತ್ತೆ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದೂ ಇಂಥ ನೀರಲ್ಲೇ.

ಏನು ಮಾಡಬೇಕು?

ಇಳಿಜಾರು: ಗೋಡೆ ಕಡೆ ಎತ್ತರ, ಹೊರಗಡೆ ತಗ್ಗು ಇರುವಂತೆ ಬಿಗಿಯಾಗಿ ಕಟ್ಟಿ.

ತೊಳೆಯುವುದು: ಮೆತ್ತನೆ ಬ್ರಷ್, ಸೋಪಿನ ನೀರು ಸಾಕು. ಬ್ಲೀಚಿಂಗ್ ಪೌಡರ್ ಹಾಕಿದ್ರೆ ನೂಲು ಹಾಳಾಗುತ್ತೆ. ಒದ್ದೆ ಇರುವಾಗ ಮಡಚಿಡಬೇಡಿ, ಬೂಸ್ಟು ಹಿಡಿಯುತ್ತೆ.

ತೇಪೆ: ಬಟ್ಟೆ ಪೂರ್ತಿ ಒಣಗಿರಲಿ. ಅದೇ ಥರದ ತುಂಡನ್ನು ತೂತಿಗಿಂತ ಸುತ್ತಲೂ 2 ಇಂಚು ದೊಡ್ಡದಾಗಿ ಕತ್ತರಿಸಿ. ಮೂಲೆ ಗುಂಡಗಿರಲಿ, ಚೂಪಾಗಿದ್ರೆ ಬೇಗ ಏಳುತ್ತೆ. ತುಂಡಿಗೂ ಟಾರ್ಪಾಲ್‌ಗೂ ರಬ್ಬರ್ ಗಮ್ ಹಚ್ಚಿ, ಸ್ವಲ್ಪ ಆರಿದ ಮೇಲೆ ಒತ್ತಿ ಅಂಟಿಸಿ.

ರಿಂಗ್: ಹರಿದ ಅಂಚನ್ನು ಮಡಚಿ ನೈಲಾನ್ ದಾರದಲ್ಲಿ ಹೊಲಿಸಿ, ಆಮೇಲೆ ಹೊಸ ರಿಂಗ್ ಹಾಕಿಸಿ. ಸೀಟ್ ಕವರ್ ಹೊಲಿಯುವವರನ್ನು ಕೇಳಿ ನೋಡಿ.

ಕೈಯಲ್ಲಿ ಎಳೆದ ಕೂಡಲೇ ಹರಿದ್ರೆ ತೇಪೆ ನಿಲ್ಲಲ್ಲ, ಹೊಸದೇ ತರಬೇಕು. ಕಬ್ಬಿಣದ ಪೈಪಿಗೆ ಕರೆಂಟ್ ವೈರ್ ತಾಗುವಂತಿದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಟಾರ್ಪಾಲ್ ಕೆಲಸ ಆಮೇಲೆ.