ಮನ್ಯಾಗ ಯಾರದಾರ್ರಿ, ಅಕ್ಕೋರೆ?

2023ರ ಆಗಸ್ಟ್ ಮೊದಲ ವಾರ. ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದಾಗ ಎರಡನೇ ತರಗತಿಯ ಹುಡುಗಿಯೊಬ್ಬಳು ತಲೆ ಎತ್ತುತ್ತಲೇ ಇರಲಿಲ್ಲ. ಗದ್ದ ಹಿಡಿದು ನೋಡಿದೆ. ಎರಡೂ ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿದ್ದವು.

ಆಗ ಎಲ್ಲಿ ನೋಡಿದರೂ ಅದೇ ಮಾತು. ಯಾರೋ ಮದ್ರಾಸ್ ಐ ಅನ್ನುತ್ತಿದ್ದರು, ಯಾರೋ ಕಣ್ಣು ಬ್ಯಾನಿ ಅನ್ನುತ್ತಿದ್ದರು. ಜುಲೈ ಕೊನೆಯಿಂದ ಹತ್ತೇ ದಿನಗಳಲ್ಲಿ ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಬೀದರ್, ಹಾವೇರಿ ಜೊತೆ ನಮ್ಮ ರಾಯಚೂರು ಕೂಡ ಮುಂಚೂಣಿಯಲ್ಲಿತ್ತು. ಸೋಂಕು ತಗುಲಿದ ಮಕ್ಕಳನ್ನು ಮನೆಯಲ್ಲೇ ಇರಿಸಿ ಎಂಬ ಸಲಹೆಯೂ ಬಂದಿತ್ತು. ಹಾಗಾಗಿ ನಾನು ಎರಡನೇ ಯೋಚನೆ ಮಾಡಲಿಲ್ಲ. 'ಪೂರ್ತಿ ಕಮ್ಮಿ ಆಗೋತನಕ ಸಾಲಿಗೆ ಬರಬ್ಯಾಡವ್ವಾ' ಎಂದು ಅಕ್ಕನ ಮಗಳೊಬ್ಬಳ ಜೊತೆ ಮಾಡಿ ಕಳಿಸಿಬಿಟ್ಟೆ. ಒಳ್ಳೆಯ ಟೀಚರ್ ಮಾಡಬೇಕಾದ್ದನ್ನೇ ಮಾಡಿದೆ ಎಂಬ ಸಮಾಧಾನ ನನಗಿತ್ತು.

ಮರುದಿನ ಶಾಲೆಯ ಗೇಟಿನ ಹತ್ತಿರ ಅವಳ ತಾಯಿ ನಿಂತಿದ್ದರು. ಕಾಲುವೆಗೆ ನೀರು ಬಂದು ಭತ್ತದ ನಾಟಿ ಜೋರಾಗಿದ್ದ ಹೊತ್ತು. ಕೈಯಲ್ಲಿ ಬುತ್ತಿಗಂಟು, ಹಿಂದೆ ಕೂಲಿಗೆ ಹೊರಟ ಹೆಣ್ಣುಮಕ್ಕಳ ಗುಂಪು.

'ಮಗಳ್ನ ಮನ್ಯಾಗ ಇಡ್ರಿ ಅಂದ್ರಂತ. ಮನ್ಯಾಗ ಯಾರದಾರ್ರಿ, ಅಕ್ಕೋರೆ? ಈಗ ನಾಟಿ ಬಿಟ್ರ ಮತ್ತ ಯಾವಾಗ ಕೂಲಿ ಸಿಗತೈತ್ರಿ? ಸಾಲಿಗೆ ಬಂದ್ರ ಒಂದ್ ಹೊತ್ತು ಬಿಸಿ ಊಟ ಆದ್ರೂ ಉಣತಿತ್ತು.'

ನಾನು ಸಲಹೆಯನ್ನೇ ಮತ್ತೆ ಒಪ್ಪಿಸಿದೆ. ಬೇರೆ ಮಕ್ಕಳಿಗೆ ಹರಡುತ್ತದೆ ಎಂದೆ. ಆಕೆ ವಾದ ಮಾಡಲಿಲ್ಲ. ಮಗಳ ಕೈ ಹಿಡಿದು ಗದ್ದೆಯ ಕಡೆ ನಡೆದರು. ಆ ಹುಡುಗಿ ದಿನವಿಡೀ ಬದುವಿನ ಮೇಲೆ ಕೂತು, ಕೆಸರಿನ ಕೈಯಲ್ಲೇ ಕಣ್ಣುಜ್ಜಿಕೊಂಡಳು ಎಂದು ಆಮೇಲೆ ಮಕ್ಕಳೇ ಹೇಳಿದರು. ನಾನು ಅವಳನ್ನು ಮನೆಗೆ ಕಳಿಸಿದ್ದೆ. ಅವಳು ಮನೆಯಲ್ಲಿ ಇರಲೇ ಇಲ್ಲ.

ನಾಗರ ಪಂಚಮಿಗೆ ನಮ್ಮೂರು ದೇವದುರ್ಗಕ್ಕೆ ಹೋದೆ. ಹಬ್ಬದ ಮರುದಿನ ಬೆಳಿಗ್ಗೆ ಅಣ್ಣನ ಮಗ 'ಕಣ್ಣು ತೆಗಿಯಾಕ ಬರವಲ್ದು' ಎಂದು ಅಳುತ್ತಾ ಎದ್ದ. ಆರು ವರ್ಷದ ಹುಡುಗ. ಅವತ್ತೇ ಅವನಿಗೆ ಶಾಲೆಯಲ್ಲಿ ಟೆಸ್ಟ್. ಮನೆಯಲ್ಲಿ ಚರ್ಚೆ ಶುರುವಾಯಿತು. 'ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಿ ಕಳಿಸೋಣ' ಎಂದ ಅಣ್ಣ. ಪಕ್ಕದ ಮನೆಯ ಬಾಣಂತಿಯ ಎದೆಹಾಲು ಎರಡು ಹನಿ ಹಾಕಿದರೆ ಸಾಕು ಎಂದಳು ಅವ್ವ. ಅವನ ಮುಖ ಯಾರೂ ನೋಡಬೇಡಿ, ನೋಡಿದರೆ ಬರುತ್ತದೆ ಎಂದರು ಎದುರು ಮನೆಯವರು.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರ್ ಒಂದೊಂದೇ ಗಂಟು ಬಿಚ್ಚಿದರು. ನೋಡಿದ ಮಾತ್ರಕ್ಕೆ ಇದು ಬರುವುದಿಲ್ಲ. ಕಣ್ಣಿನ ನೀರು, ಗೀಜು ಕೈಗೆ ಹತ್ತಿ, ಆ ಕೈ ಟವೆಲ್, ದಿಂಬು, ಬೆಂಚು ಮುಟ್ಟಿ, ಅಲ್ಲಿಂದ ಇನ್ನೊಬ್ಬರ ಕಣ್ಣಿಗೆ ಹೋಗುತ್ತದೆ. ಹೀಗೆ ಊರಿಗೇ ಹರಡುವುದು ಹೆಚ್ಚಾಗಿ ವೈರಸ್‌ನಿಂದ. ಆ್ಯಂಟಿಬಯೋಟಿಕ್ ಹನಿ ವೈರಸ್ ಕೊಲ್ಲುವುದಿಲ್ಲ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೇಳದೆ ಕೊಳ್ಳುವ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿಗೇ ಅಪಾಯ. ಎದೆಹಾಲು, ಹರಳೆಣ್ಣೆ ಯಾವುದೂ ಬೇಡ. ಕಣ್ಣು ತೀವ್ರವಾಗಿ ನೋಯುತ್ತಿದ್ದರೆ, ಬೆಳಕು ನೋಡಲು ಆಗದಿದ್ದರೆ, ನೋಟ ಮಂಜಾದರೆ ತಡಮಾಡದೆ ಬರಬೇಕು.

'ಸಾಲಿಗೆ ಕಳಿಸಬಹುದಾ ಸರ್?' ಎಂದ ಅಣ್ಣ.

'ಕಣ್ಣು ಮುಟ್ಟಬ್ಯಾಡ ಅಂದ್ರ ಇಂವ ಕೇಳ್ತಾನೇನು?'

ನಾವು ನೋಡುತ್ತಿದ್ದಂತೆಯೇ ಹುಡುಗ ಅಂಗೈಯಿಂದ ಕಣ್ಣುಜ್ಜಿ, ಅದೇ ಕೈಯನ್ನು ಡಾಕ್ಟರ ಮೇಜಿನ ಮೇಲಿಟ್ಟ. ಎಲ್ಲರೂ ನಕ್ಕೆವು. ಉತ್ತರ ಸಿಕ್ಕಿತ್ತು. ನೀರು, ಗೀಜು ನಿಲ್ಲುವವರೆಗೆ ಮನೆಯಲ್ಲೇ ಇರಲಿ, ಟೆಸ್ಟ್ ಮತ್ತೆ ಬರೆಯಬಹುದು ಎಂದರು. ಅವನಿಗೇ ಬೇರೆ ಟವೆಲ್, ಬೇರೆ ದಿಂಬು ಇಟ್ಟೆವು. ಅವ್ವ ದಿನವಿಡೀ ಬೆನ್ನ ಹಿಂದೆಯೇ ಇದ್ದು ಕೈ ತೊಳೆಸಿದಳು.

ಮಾನ್ವಿಗೆ ಮರಳುವ ಬಸ್ಸಿನಲ್ಲಿ ಹೊಳೆಯಿತು. ನಮಗೆ ಆ ತೀರ್ಮಾನ ಸುಲಭವಾಗಿದ್ದು ನಾವು ಬುದ್ಧಿವಂತರು ಎಂಬ ಕಾರಣಕ್ಕಲ್ಲ. ನಮ್ಮ ಮನೆಯಲ್ಲಿ ಅವ್ವ ಇದ್ದಳು, ಅಷ್ಟೇ.

ಆಮೇಲೆ ಓದುತ್ತಾ ಇನ್ನೊಂದು ವಿಷಯ ತಿಳಿಯಿತು. ಬ್ರಿಟನ್‌ನ ಆರೋಗ್ಯ ಮಾರ್ಗಸೂಚಿಯ ಪ್ರಕಾರ ಕೆಂಗಣ್ಣಿನ ಮಗುವನ್ನು ಶಾಲೆಯಿಂದ ಹೊರಗಿಡಬೇಕಿಲ್ಲ. ಕೈ ತೊಳೆಯುವುದು, ಟವೆಲ್ ಹಂಚಿಕೊಳ್ಳದಿರುವುದು ಅಲ್ಲಿ ಮುಖ್ಯ. ಇಲ್ಲಿ ಮನೆಯಲ್ಲಿರಿಸಿ ಅನ್ನುತ್ತಾರೆ, ಅಲ್ಲಿ ಬರಲಿ ಬಿಡಿ ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಎಲ್ಲ ಮಕ್ಕಳಿಗೂ ಇರುವುದು ಎರಡೇ ನಲ್ಲಿ, ಒಂದೇ ಸೋಪು. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುವ ಮಕ್ಕಳು. ಹೀಗಿರುವಾಗ ಮನೆಯೇ ಮೇಲು ಎಂದು ನನಗೂ ಅನಿಸುತ್ತದೆ. ಆದರೆ ಮನೆಗೆ ಕಳಿಸುವ ಮುನ್ನ ಅಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಬೇಕಿತ್ತು. ನಾನು ಕೇಳಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸೆಪ್ಟೆಂಬರ್ 3ಕ್ಕೆ ಟಿಇಟಿ ಇತ್ತು. ಅದಕ್ಕೂ ಮುಂಚಿನ ಭಾನುವಾರ ರಾಯಚೂರಿನ ಕೋಚಿಂಗ್‌ನಲ್ಲಿ ಕೊನೆಯ ಮಾದರಿ ಪರೀಕ್ಷೆ. ಬೆಳಿಗ್ಗೆ ಎದ್ದಾಗ ನನ್ನ ಎಡಗಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತಿತ್ತು. ಕನ್ನಡಿ ನೋಡಿದೆ, ಕೆಂಪಾಗಿತ್ತು. ಏನು ಮಾಡಬೇಕು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಬಸ್ ಹತ್ತಿದೆ. ತೀನ್ ಕಂದೀಲ್ ಹತ್ತಿರ ಕಪ್ಪು ಕನ್ನಡಕ ಕೊಂಡು ಹಾಕಿಕೊಂಡೆ. 'ಏನೇ, ಹೀರೋಯಿನ್ ಆಗೀಯಲ್ಲ' ಎಂದಳು ಗೆಳತಿ. ನಕ್ಕು ಸುಮ್ಮನಾದೆ. ಅರ್ಧ ಪೇಪರ್ ಆದಾಗ ಅವಳ ಪೆನ್ನು ನಿಂತುಹೋಯಿತು. 'ಇನ್ನೊಂದು ಐತೇನ?' ಎಂದು ಕೈ ಚಾಚಿದಳು.

ಆಗ ತಾನೇ ಕಣ್ಣೊರೆಸಿಕೊಂಡಿದ್ದ ಕೈಯಿಂದಲೇ ಕೊಟ್ಟುಬಿಟ್ಟೆ.

ಅವಳಿಗೆ ಸೋಂಕು ಬರಲಿಲ್ಲ, ಅದು ನನ್ನ ಪುಣ್ಯ. ಆದರೆ ಸಂಜೆ ಮಾನ್ವಿ ಬಸ್ಸಿನಲ್ಲಿ ಕೂತಾಗ ಗೇಟಿನ ಹತ್ತಿರ ನಿಂತಿದ್ದ ಆ ತಾಯಿಯೇ ಕಣ್ಣ ಮುಂದೆ ಬಂದರು. ಆಕೆ ಮಗಳ ಕಣ್ಣನ್ನು ಮುಚ್ಚಿಟ್ಟಿರಲಿಲ್ಲ. ಇದ್ದ ಕಷ್ಟವನ್ನು ನೇರವಾಗಿ ಹೇಳಿದ್ದರು. ಕನ್ನಡಕದ ಹಿಂದೆ ಅಡಗಿದ್ದು ನಾನು. ಆಕೆಗೆ ಕೂಲಿ ತಪ್ಪುವ ಭಯ, ನನಗೆ ಪರೀಕ್ಷೆ ತಪ್ಪುವ ಭಯ.

ಮರುದಿನ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಹುಡುಗಿಯ ವಿಷಯವನ್ನೂ ಹೇಳಿದೆ. ಗೆಳತಿಗೂ ಫೋನ್ ಮಾಡಿ ಬೈಸಿಕೊಂಡೆ. ಒಂದು ವಾರ ರೂಮಿನಲ್ಲೇ ಉಳಿದೆ. ಪರೀಕ್ಷೆಯ ಹೊತ್ತಿಗೆ ನೀರು ಸುರಿಯುವುದು ನಿಂತಿತ್ತು.

ನಾನು ಶಾಲೆಗೆ ಮರಳುವಷ್ಟರಲ್ಲಿ ಒಂದೆರಡು ಬದಲಾವಣೆ ಆಗಿದ್ದವು. ಕಣ್ಣು ಕೆಂಪಾದ ಮಗು ಬಂದರೆ ಮೊದಲು ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರು. ಯಾರೂ ಇಲ್ಲದಿದ್ದರೆ ಪಡಸಾಲೆಯಲ್ಲಿ ಬೇರೆ ಜಾಗ, ಬೇರೆ ತಟ್ಟೆ, ಬೇರೆ ಲೋಟ. ಇದ್ದರೆ ಅಡುಗೆಯವರು ಅಕ್ಕಪಕ್ಕದ ದೊಡ್ಡ ಮಕ್ಕಳ ಕೈಯಲ್ಲಿ ಊಟದ ಡಬ್ಬಿ ಕಳಿಸುತ್ತಿದ್ದರು. ನಲ್ಲಿಯ ಬಳಿ ಮೂರು ಸೋಪು ಬಂದಿದ್ದವು. ದೊಡ್ಡ ವ್ಯವಸ್ಥೆಯೇನಲ್ಲ. ಆದರೆ ಯಾವ ಮಗುವೂ ಬದುವಿನ ಮೇಲೆ ಕೂರಬೇಕಾಗಿರಲಿಲ್ಲ.

ಅವತ್ತು ಸಂಜೆ ಗೇಟಿನ ಹತ್ತಿರ ಅದೇ ತಾಯಿ ಸಿಕ್ಕರು. ಮಗಳ ಕಣ್ಣು ತಿಳಿಯಾಗಿತ್ತು. ನನ್ನ ಕಣ್ಣಂಚು ಮಾತ್ರ ಇನ್ನೂ ತುಸು ಕೆಂಪಾಗಿತ್ತು. ಕ್ಷಮೆ ಕೇಳಬೇಕೆಂದು ಮಾತು ಹುಡುಕುತ್ತಿದ್ದೆ. ಆಕೆಯೇ ಮೊದಲು ಕೇಳಿದರು:

'ನಿಮಗೂ ಬಂದಿತ್ತಂತಲ್ರಿ, ಅಕ್ಕೋರೆ. ರೂಮಿನ್ಯಾಗ ಒಬ್ರೇ ಇರ್ತೀರಿ. ನೋಡ್ಕೊಳ್ಳಾಕ ಯಾರಿದ್ರಿ?'