ಉಸಿರಿನ ಏರಿಳಿತ: ಗಣಿತದ ವಿವರಣೆ

ಡಬ್ಲಿನ್ ನಗರದ ವೈದ್ಯ ಜಾನ್ ಚೇನ್ 1818ರಲ್ಲಿ ತನ್ನ ರೋಗಿಯೊಬ್ಬನ ವಿಲಕ್ಷಣ ಉಸಿರಾಟವನ್ನು ದಾಖಲಿಸಿದನು. ಉಸಿರು ಕಾಲು ನಿಮಿಷದಷ್ಟು ಕಾಲ ಪೂರ್ಣವಾಗಿ ನಿಂತುಹೋಗುತ್ತಿತ್ತು. ಬಳಿಕ ಮೆಲ್ಲನೆ ತೋರಿ, ಕ್ರಮೇಣ ಏದುಸಿರಾಗಿ ಬೆಳೆದು, ಮತ್ತೆ ಇಳಿದು ನಿಲ್ಲುತ್ತಿತ್ತು. ಒಂದು ಆವರ್ತಕ್ಕೆ ಸುಮಾರು ಒಂದು ನಿಮಿಷ. ಅದೇ ನಗರದ ವಿಲಿಯಂ ಸ್ಟೋಕ್ಸ್ 1854ರ ತನ್ನ ಹೃದ್ರೋಗ ಗ್ರಂಥದಲ್ಲಿ ಇದನ್ನು ದುರ್ಬಲ ಹೃದಯದ ಲಕ್ಷಣವೆಂದು ವರ್ಣಿಸಿದನು. ಚೇನ್-ಸ್ಟೋಕ್ಸ್ ಉಸಿರಾಟವೆಂಬ ಹೆಸರು ಹೀಗೆ ಬಂದಿತು.

ಕೆಟ್ಟಿರುವುದು ಹೃದಯವಾದರೆ ಉಸಿರು ತಾಳಬದ್ಧವಾಗಿ ಏರಿಳಿಯುವುದೇಕೆ? ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮೆದುಳು ಉಸಿರನ್ನು ಚುರುಕುಗೊಳಿಸುತ್ತದೆ, ಕುಗ್ಗಿದರೆ ತಗ್ಗಿಸುತ್ತದೆ. ಆದರೆ ಆ ಅನಿಲ ಹೊರಬೀಳುವುದು ಶ್ವಾಸಕೋಶದಲ್ಲಿ; ಅದನ್ನು ಅಳೆಯುವ ಗ್ರಾಹಕಗಳಿರುವುದು ಕುತ್ತಿಗೆಯ ಧಮನಿಗಳಲ್ಲಿ ಮತ್ತು ಮೆದುಳಿನಲ್ಲಿ. ಸುದ್ದಿಯನ್ನು ಒಯ್ಯುವುದು ಹರಿಯುವ ರಕ್ತವೇ. ಹೃದಯ ಸೋತಾಗ ಸುದ್ದಿ ತಡವಾಗಿ ಮುಟ್ಟುತ್ತದೆ. ಕಾಲುವೆಯ ಕೊನೆಯ ಗದ್ದೆಯನ್ನು ನೋಡಿ ಕೆರೆಯ ತೂಬನ್ನು ಎತ್ತುವ ನೀರುಗಂಟಿಯ ಪಾಡೂ ಇದೇ ಅಲ್ಲವೆ? ನೀರು ತಲುಪಲಿಲ್ಲವೆಂದು ಇನ್ನಷ್ಟು ಎತ್ತುತ್ತಾನೆ. ತಲುಪಿದಾಗ ಗದ್ದೆ ಮುಳುಗಿರುತ್ತದೆ. ಗಾಬರಿಯಿಂದ ಮುಚ್ಚಿದರೆ ಮತ್ತೆ ಒಣಗುತ್ತದೆ.

1956ರಲ್ಲಿ ಅಮೆರಿಕೆಯ ಆರ್ಥರ್ ಗೈಟನ್ ಮತ್ತು ಸಂಗಡಿಗರು ನಾಯಿಗಳ ಹೃದಯ-ಮೆದುಳುಗಳ ನಡುವಣ ರಕ್ತಮಾರ್ಗವನ್ನು ನಳಿಕೆಗಳಿಂದ ಉದ್ದಗೊಳಿಸಿ ಇದೇ ಬಗೆಯ ಉಸಿರಾಟವನ್ನು ಉಂಟುಮಾಡಿ ತೋರಿಸಿದರು. ಇದಕ್ಕೆ ಅತ್ಯಂತ ಸರಳವಾದ ಗಣಿತರೂಪವನ್ನು ಕೊಟ್ಟವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮ್ಯಾಕಿ ಮತ್ತು ಲಿಯಾನ್ ಗ್ಲಾಸ್ (1977). ಅನಿಲದ ಪ್ರಮಾಣ ಬದಲಾಗುವ ವೇಗವೆಂದರೆ, ದೇಹದಲ್ಲಿ ಅದು ಹುಟ್ಟುವ ವೇಗದಿಂದ ಹೊರಹೋಗುವ ವೇಗವನ್ನು ಕಳೆದುದು. ಹೊರಹೋಗುವ ವೇಗ ಈ ಕ್ಷಣದ ಪ್ರಮಾಣವನ್ನೂ ಈ ಕ್ಷಣದ ಉಸಿರನ್ನೂ ಅವಲಂಬಿಸಿದೆ. ಆದರೆ ಈ ಕ್ಷಣದ ಉಸಿರನ್ನು ನಿರ್ಧರಿಸುವುದು ಹಿಂದಿನ ಪ್ರಮಾಣ. ಸಮೀಕರಣದ ಸ್ವಾರಸ್ಯವೆಲ್ಲ ಈ 'ಹಿಂದಿನ' ಎಂಬ ಮಾತಿನಲ್ಲಿದೆ. ವಿಳಂಬ ಅಲ್ಪವಾಗಿದ್ದರೆ ಉಸಿರು ಸಮಸ್ಥಿತಿಗೆ ಮರಳುತ್ತದೆ. ವಿಳಂಬ ಬೆಳೆದರೆ, ಅಥವಾ ಮೆದುಳಿನ ಪ್ರತಿಕ್ರಿಯೆ ಅತಿ ತೀಕ್ಷ್ಣವಾದರೆ, ಏರಿಳಿತ ತಾನಾಗಿಯೇ ಮೊದಲಾಗುತ್ತದೆ. ಆ ಘಟ್ಟದಲ್ಲಿ ಆವರ್ತದ ಅವಧಿ ವಿಳಂಬದ ಎರಡರಿಂದ ನಾಲ್ಕು ಪಟ್ಟಿನೊಳಗೆ ಇರಬೇಕೆಂದು ಲೆಕ್ಕ ಹೇಳುತ್ತದೆ. ವಿಳಂಬ 20 ಸೆಕೆಂಡಾದರೆ ಅವಧಿ 40ರಿಂದ 80 ಸೆಕೆಂಡು. ಚೇನ್ ಕಂಡ ಒಂದು ನಿಮಿಷ ಈ ಎಲ್ಲೆಯೊಳಗೇ ಬೀಳುತ್ತದೆ!

ಏರಿಳಿತವನ್ನು ನಿಲ್ಲಿಸಿದರೆ ರೋಗಿಗೆ ಒಳಿತಾಗುವುದೆಂದು ಊಹಿಸುವುದು ಸಹಜ. ನಿದ್ರೆಯಲ್ಲಿ ಮುಖಕವಚದ ಮೂಲಕ ಗಾಳಿಯನ್ನು ಒತ್ತಿ ಉಸಿರನ್ನು ಸಮಗೊಳಿಸುವ ಯಂತ್ರವನ್ನು 1,325 ಹೃದಯ ವೈಫಲ್ಯ ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2015ರಲ್ಲಿ ಫಲಿತಾಂಶ ಹೊರಬಿತ್ತು: ಉಸಿರೇನೋ ಸಮವಾಯಿತು, ಆದರೆ ಯಂತ್ರ ಬಳಸಿದವರಲ್ಲಿ ಹೃದಯಸಂಬಂಧಿ ಸಾವುಗಳೇ ಹೆಚ್ಚಾಗಿದ್ದುವು. ಯಂತ್ರದ ಒತ್ತಡ ಸೋತ ಹೃದಯಕ್ಕೆ ಭಾರವಾಗಿರಬಹುದೆಂದು ಕೆಲವರೂ, ಆ ಏರಿಳಿತವೇ ಹೃದಯಕ್ಕೆ ಒಂದು ಬಗೆಯ ನೆರವಾಗಿದ್ದಿರಬಹುದೆಂದು ಮತ್ತೆ ಕೆಲವರೂ ಊಹಿಸಿದ್ದಾರೆ. ಮೇಲೆ ಹೇಳಿದ ಸಮೀಕರಣದಲ್ಲಿ ಹೃದಯದ ಶ್ರಮಕ್ಕೆ ಸ್ಥಾನವಿಲ್ಲವಾದುದರಿಂದ ಅದು ಈ ವಿವಾದವನ್ನು ತೀರಿಸಲಾರದು.