ಚಂದ್ರನ ಮೇಲೆ ಮೆಲ್ಲನೆ ಇಳಿಯುವ ಲೆಕ್ಕ



ಗಣಕಯಂತ್ರದ ಪರದೆಯ ಮೇಲೆ ನಿಮ್ಮ ನೌಕೆ ಚಂದ್ರನತ್ತ ಇಳಿಯುತ್ತಿದೆ ಎಂದುಕೊಳ್ಳಿ. ಎತ್ತರ ಇನ್ನೂ ಸಾಕಷ್ಟಿದೆ ಎಂದು ನೀವು ನಿಶ್ಚಿಂತರಾಗಿದ್ದೀರಿ. ನೆಲ ಹತ್ತಿರವಾದಾಗ ಎಂಜಿನ್ನನ್ನು ಪೂರ್ತಿ ಉರಿಸುತ್ತೀರಿ. ಆದರೂ ನೌಕೆ ನಿಲ್ಲದೆ ನೆಲಕ್ಕೆ ಬಡಿದು ಚೂರಾಗುತ್ತದೆ. ಮೆಕ್ಸಿಕೋ ದೇಶದ ಸಂಸ್ಥೆಯೊಂದು 2011ರಲ್ಲಿ ಹೊರತಂದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ'ನಂಥ ಆಟವನ್ನು ಆಡಿದವರಿಗೆ ಇದು ಹೊಸದಲ್ಲ. ಇಲ್ಲಿ ಬೆರಳು ತಪ್ಪಿದ್ದಕ್ಕಿಂತ ಲೆಕ್ಕ ತಪ್ಪಿದ್ದೇ ಹೆಚ್ಚು. ಆ ಲೆಕ್ಕವನ್ನು ಈಗ ನೋಡೋಣ. ಕಾಗದ, ಪೆನ್ಸಿಲ್ ಹತ್ತಿರವಿರಲಿ.

ಮೊದಲು ವೇಗದ ವಿಷಯ. ಚಂದ್ರನ ನೆಲಕ್ಕೆ ಸಮೀಪದ ಕಕ್ಷೆಯಲ್ಲಿ ಸುತ್ತುವ ನೌಕೆ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ. ನಮ್ಮ ಬಸ್ಸಿಗೆ ಅರ್ಧ ತಾಸಿನ ದಾರಿ. ಈ ನೌಕೆಗೆ ಹನ್ನೆರಡೇ ಸೆಕೆಂಡು! ಈ ವೇಗವೆಲ್ಲ ಅಡ್ಡ ದಿಕ್ಕಿನದು ಎಂಬುದನ್ನು ಗಮನಿಸಿ. ಚಂದ್ರನಲ್ಲಿ ವಾಯುಮಂಡಲ ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ಅಲ್ಲಿ ಪ್ಯಾರಾಶೂಟ್ ಬಿಚ್ಚಿ ಫಲವಿಲ್ಲ. ಎಂಜಿನ್ನನ್ನು ಓಡುವ ದಿಕ್ಕಿಗೆ ಎದುರಾಗಿ ಉರಿಸಿ ವೇಗವನ್ನು ಕಳೆಯಬೇಕು. ಬ್ರೇಕು ಎಂದರೆ ಅದೊಂದೇ. ಆಟದ ಚಂದ್ರ ಚಿಕ್ಕದು, ಅಲ್ಲಿನ ಕಕ್ಷೆಯ ವೇಗ ಸೆಕೆಂಡಿಗೆ ಸುಮಾರು 550 ಮೀಟರ್ ಮಾತ್ರ. ಆದರೆ ಅದರ ಗುರುತ್ವ ನಿಜವಾದ ಚಂದ್ರನಷ್ಟೇ ಇದೆ. ಹೀಗಾಗಿ ಕೊನೆಯ ಇಳಿತದ ಪಾಠ ಎರಡಕ್ಕೂ ಒಂದೇ.

ಚಂದ್ರನ ಗುರುತ್ವ ನಮ್ಮಲ್ಲಿನ ಆರನೇ ಒಂದು ಭಾಗ, ಬೀಳುವುದೂ ನಿಧಾನವಲ್ಲವೇ ಎಂದು ನೀವು ಕೇಳಬಹುದು. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಷ್ಟು ಎತ್ತರದಿಂದ ಬಿಟ್ಟ ವಸ್ತು, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಭೂಮಿಯಲ್ಲಿ ಗಂಟೆಗೆ 114 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. ಚಂದ್ರನಲ್ಲಾದರೆ 46 ಕಿ.ಮೀ. ಕಡಿಮೆಯೇ ನಿಜ. ಆದರೆ ತೆಳುವಾದ ಕಾಲುಗಳ ನೌಕೆಯನ್ನು ಮುರಿಯಲು ಅಷ್ಟು ಧಾರಾಳವಾಗಿ ಸಾಕು.

ಈಗ ಮುಖ್ಯ ಲೆಕ್ಕ. ಗುರುತ್ವದ ಎಳೆತವನ್ನು ಕಳೆದ ಮೇಲೆ ನಿಮ್ಮ ಎಂಜಿನ್ ಪ್ರತಿ ಸೆಕೆಂಡಿಗೆ 2 ಮೀಟರ್‌ನಷ್ಟು ವೇಗವನ್ನು ಇಳಿಸಬಲ್ಲದು ಎಂದಿಟ್ಟುಕೊಳ್ಳಿ. ನಿಲ್ಲಲು ಬೇಕಾದ ದೂರ ತಿಳಿಯಲು ವೇಗದ ವರ್ಗವನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಬೇಕು. ನೌಕೆ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ 400 ಮೀಟರ್ ಬೇಕು. ವೇಗ 80 ಮೀಟರ್ ಆದರೆ? ವೇಗ ಇಮ್ಮಡಿಯಾಯಿತು, ಎತ್ತರವೂ ಇಮ್ಮಡಿಯಿದ್ದರೆ ಸಾಕು ಎಂದು 800 ಮೀಟರ್‌ನಲ್ಲಿ ಎಂಜಿನ್ ಹಚ್ಚಿದಿರೋ, ಕೆಟ್ಟಿರಿ. ಬೇಕಾದದ್ದು 1600 ಮೀಟರ್. ನಿಮ್ಮ ನೌಕೆ ಗಂಟೆಗೆ 200 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಎತ್ತರ ಎಷ್ಟಿದೆ ಎಂಬುದೊಂದೇ ನಿಮ್ಮನ್ನು ಕಾಯುವುದಿಲ್ಲ. ಆ ಎತ್ತರದಲ್ಲಿ ವೇಗ ಎಷ್ಟಿದೆ ಎಂಬುದನ್ನು ಸದಾ ಜೊತೆಗಿಟ್ಟು ನೋಡಬೇಕು.

ನಂಬಿಕೆ ಬಾರದಿದ್ದರೆ ಸೈಕಲ್ಲಿನಲ್ಲಿ ಪರೀಕ್ಷಿಸಿ. ಶಾಲೆಯ ಖಾಲಿ ಮೈದಾನದಲ್ಲಿ ನಿಧಾನವಾಗಿ ಬಂದು, ಗೆರೆ ದಾಟಿದೊಡನೆ ಬ್ರೇಕು ಹಿಡಿದು, ನಿಂತ ದೂರ ಅಳೆಯಿರಿ. ಸುಮಾರು ಎರಡರಷ್ಟು ವೇಗದಲ್ಲಿ ಬಂದು ಅದೇ ಒತ್ತಡದಲ್ಲಿ ಬ್ರೇಕು ಹಿಡಿದು ಮತ್ತೆ ಅಳೆಯಿರಿ. ದೂರ ನಾಲ್ಕು ಪಟ್ಟಿನ ಹತ್ತಿರ ಬರುತ್ತದೆ. ತಿಕೋಟಾದ ಮೈದಾನಕ್ಕೂ ಚಂದ್ರನ ಬಯಲಿಗೂ ಇದು ಒಂದೇ ನಿಯಮ.

ಆದರೆ ಬೇಗನೆ ವೇಗ ಕಳೆದು ಎತ್ತರದಲ್ಲೇ ತೇಲುತ್ತ ನಿಲ್ಲುವುದೂ ಜಾಣತನವಲ್ಲ. ಹಾಗೆ ನಿಂತ ಒಂದೊಂದು ಸೆಕೆಂಡಿಗೂ ವೇಗವನ್ನು 1.62 ಮೀಟರ್ ತಗ್ಗಿಸುವಷ್ಟು ಇಂಧನ ವ್ಯರ್ಥವಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಇಂಧನ ಉರಿದಂತೆ ನೌಕೆ ಹಗುರವಾಗುತ್ತದೆ, ಅದೇ ಎಂಜಿನ್ ಅದನ್ನು ಹೆಚ್ಚು ಬಲವಾಗಿ ತಡೆಯುತ್ತದೆ. ಆದ್ದರಿಂದ ಕೊನೆಯಲ್ಲಿ ಎಂಜಿನ್ನಿನ ಬಲವನ್ನು ತಗ್ಗಿಸುತ್ತ ಬರಬೇಕು.

ಆಟದಲ್ಲಿ ನೌಕೆ ಒಡೆದರೆ ಇನ್ನೊಂದು ಸಿಗುತ್ತದೆ. ನಿಜವಾದ ಇಳಿತದಲ್ಲಿ? 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೆಲಕ್ಕೆ ಅಪ್ಪಳಿಸಿತು. ಸಿದ್ಧತೆ ಕಡಿಮೆಯೇನೂ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಚಂದ್ರನ ಕುಳಿಗಳಂತೆಯೇ ಗುಂಡಿ ತೋಡಿ, ಅವುಗಳ ಮೇಲೆ ಹಾರಾಡಿ ಸಂವೇದಕಗಳನ್ನು ಪರೀಕ್ಷಿಸಿದ್ದರು. ಆದರೆ ಎಂಜಿನ್ನುಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ತೋರಿದವು. ವೇಗ ಬೇಕಾದ್ದಕ್ಕಿಂತ ಹೆಚ್ಚು ಕುಗ್ಗಿತು. ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು. ಅವನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಯಿತು. ಅಷ್ಟು ಬೇಗ ತಿರುಗಲು ಅದಕ್ಕೆ ಅವಕಾಶವಿರಲಿಲ್ಲ. ಇಳಿಯಲು ಗುರುತಿಸಿದ ಜಾಗವೂ 500 ಮೀಟರ್ ಚೌಕದಷ್ಟೇ ಇತ್ತು.

ಇಸ್ರೋ ವಿಜ್ಞಾನಿಗಳು ಏನೇನು ತಪ್ಪಬಹುದು ಎಂದು ಪಟ್ಟಿ ಮಾಡಿ ಮುಂದಿನ ನೌಕೆಯನ್ನು ಕಟ್ಟಿದರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಹೆಚ್ಚು ಇಂಧನ ತುಂಬಿದರು. ಸೆಕೆಂಡಿಗೆ 3 ಮೀಟರ್ ವೇಗದ ಹೊಡೆತವನ್ನೂ ತಾಳುವಂತೆ ಕಾಲುಗಳನ್ನು ಬಲಪಡಿಸಿದರು. ನೀವು ಶಾಲೆಯ ಬೆಂಚಿನಿಂದ ಕೆಳಕ್ಕೆ ಜಿಗಿದಾಗ ಬರುವ ವೇಗ ಅಷ್ಟೇ! 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುಮಾರು 30 ಕಿ.ಮೀ. ಎತ್ತರದಿಂದ ಇಳಿಯತೊಡಗಿತು. ವಿಜಯಪುರದಿಂದ ಬಬಲೇಶ್ವರದ ದಾರಿಯನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರೂ ಅದಕ್ಕಿಂತ ಮೇಲೆ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ನೋಡುತ್ತ ಕುಳಿತಿದ್ದರು. ನೌಕೆಯನ್ನು ನಡೆಸುತ್ತಿದ್ದುದು ಅದರೊಳಗಿನ ಗಣಕಯಂತ್ರವೇ. ಸುಮಾರು 20 ನಿಮಿಷಗಳಲ್ಲಿ ವಿಕ್ರಮ್ ಮೆಲ್ಲನೆ ನೆಲ ಮುಟ್ಟಿತು.

ನೀವು ಮತ್ತೆ ಆಟಕ್ಕೆ ಕುಳಿತಾಗ ಇದೇ ಪದ್ಧತಿ ಹಿಡಿಯಿರಿ. ಮೊದಲು ಅಡ್ಡ ವೇಗವನ್ನು ಕಳೆಯಿರಿ. ಅದು ಉಳಿದರೆ ನೌಕೆ ನೆಲ ಮುಟ್ಟಿಯೂ ಮಗುಚುತ್ತದೆ. ಕೆಳಗಿನ ಗುಡ್ಡದ ಎತ್ತರ ಬಿಟ್ಟು, ನೌಕೆಗೂ ನೆಲಕ್ಕೂ ಇರುವ ಅಂತರವನ್ನು ನೋಡಿ. ಲೆಕ್ಕ ಹೇಳಿದ ಎತ್ತರಕ್ಕೆ ಅದರ ಅರ್ಧದಷ್ಟು ಕೂಡಿಸಿ ಎಂಜಿನ್ ಹಚ್ಚಿ. ಕೊನೆಯ 10 ಮೀಟರ್‌ನಲ್ಲಿ ವೇಗ ಸೆಕೆಂಡಿಗೆ 2 ಮೀಟರ್ ಮೀರದಿರಲಿ. ಒಡೆದರೆ ಬೇಸರಪಡಬೇಡಿ. ಎಂಜಿನ್ ಹಚ್ಚಿದ ಎತ್ತರ, ಆಗಿನ ವೇಗ, ಆದದ್ದೇನು, ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಒಂದನ್ನು ಮಾತ್ರ ಬದಲಾಯಿಸಿ. ಹತ್ತು ಸಲ ಬರೆದ ಮೇಲೆ, ಹನ್ನೊಂದನೆಯ ನೌಕೆ ಏಕೆ ಉಳಿಯಿತು ಎಂಬುದನ್ನು ನೀವೇ ಗೆಳೆಯರಿಗೆ ವಿವರಿಸಬಲ್ಲಿರಿ.